ಎರಡು ತುದಿಯಲ್ಲೂ ಒಂದು

ಹಿಂದೂಪುರ
೮-೨-೧೯೮೮, ಸೋಮವಾರ

ಕಲ್ಯಾಣದುರ್ಗದ ದೊರೆಗಳಾದ ಓಬುಳಪತಿಯವರಿಗೆ ಅವರ ಹೆಂಡತಿ ಆದಿಲಕ್ಷ್ಮಿ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕದಿರಣ್ಣನನ್ನು ಕೇಳಿದರೆ "ಸಾರು ಬ್ರಹ್ಮಾಂಡವಾಗವ್ರೆ ಕಣಮ್ಮ" ಎನ್ನುತ್ತಾನೆ. ಬಸ್ ಕಂಡಕ್ಟರನ ಬಾಯಲ್ಲಿ ಎಲ್ಲವೂ ಬ್ರಹ್ಮಾಂಡವೇ. ಕುಂದುರ್ಪಿಯ ಹತ್ತಿರ ಬಸ್ಸು ಕೆಟ್ಟು ನಿಂತು ಜನರೆಲ್ಲ ಬಿಸಿಲಲ್ಲಿ ಒಣಗಿದ ದಿನವೂ ಹಾಗೇ ಅಂದಿದ್ದ. ಅದಕ್ಕೇ ನಿಮ್ಮ ಕೈಯಾರೆ ಎರಡು ಸಾಲು ಬರೆಯಿರಿ ಅಂತ ಬಡಕೊಳ್ಳುವುದು.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಇತ್ತು, ಅದು ಒಂದು ಕಾರಣ. ನಿಜವಾದ ಕಾರಣ ಈ ಕಾಗದದ ಜೊತೆ ಮಡಿಸಿ ಇಟ್ಟಿರುವ ಹಾಳೆ. ಹೊಸ ಅಂಕಿಚೌಕ! ಇಂಥದ್ದನ್ನು ನೀವು ಇದುವರೆಗೆ ನೋಡಿಲ್ಲ. ಮೊದಲು ನೋಡಬೇಡಿ, ನಾನು ಹೇಳುವುದನ್ನು ಪೂರ್ತಿ ಓದಿ, ಆಮೇಲೆ ಬಿಚ್ಚಿ.

ಮದುವೆಯಾದ ವರ್ಷ ನೀವು ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಿಂದ ಒಂದು ಅಮೆರಿಕದ ಪುಸ್ತಕ ತಂದಿದ್ದಿರಲ್ಲ, ರಟ್ಟು ಹರಿದದ್ದು. ಅದರಲ್ಲಿ ಒಂದೇ ಒಂದು ಚೌಕ ಇತ್ತು. ಸಾಲಿನಲ್ಲಿ ಒಂದು ಅಂಕಿ ಎರಡು ಸಲ ಬರಬಾರದು, ಮೇಲಿಂದ ಕೆಳಗಿನ ಕಂಬದಲ್ಲಿ ಬರಬಾರದು, ಒಳಗೆ ದಪ್ಪ ಗೆರೆ ಹಾಕಿದ ಒಂದೊಂದು ಹಟ್ಟಿಯಲ್ಲೂ ಬರಬಾರದು. ಇಬ್ಬರೂ ಒಂದೇ ಪೆನ್ಸಿಲ್ಲಿಗೆ ಕಿತ್ತಾಡಿಕೊಂಡು ಬಿಡಿಸಿದೆವು. ಮುಗಿದ ಮೇಲೆ ನೀವು "ಇನ್ನೊಂದಿಲ್ವಲ್ಲೇ" ಎಂದು ಮುಖ ಸಣ್ಣದು ಮಾಡಿಕೊಂಡಿರಿ. ಆ ಮುಖ ನೋಡಲಾರದೆ ನಾನೇ ಒಂದು ಮಾಡಿಕೊಟ್ಟೆ. ಅಲ್ಲಿಂದ ಶುರುವಾದದ್ದು ಈ ಹುಚ್ಚು. ನಿಮ್ಮನ್ನು ಕಲ್ಯಾಣದುರ್ಗದ ಬಸ್ ಡಿಪೋಗೆ ಹಾಕಿದ ಮೇಲಂತೂ ನಿಮಗೆ ಕಳಿಸುವುದಕ್ಕೆಂದೇ ಮಾಡುತ್ತಾ ಬಂದೆ.

ಒಳಗೆ ಸುಳಿವಿಗೆ ಕೆಲವು ಅಂಕಿ ಕೊಟ್ಟರೆ ನೀವು ಬಾಯಿ ಚಪ್ಪರಿಸುವಷ್ಟರಲ್ಲಿ ಮುಗಿಸುತ್ತಿದ್ದಿರಿ. ಅದಕ್ಕೆ ಒಳಗಿನದನ್ನೆಲ್ಲ ಕಿತ್ತು ಸುಳಿವನ್ನು ಗೋಡೆಯಿಂದ ಆಚೆಗೆ ಹಾಕಿದೆ. ಮೊದಲೆರಡು ಮನೆಯ ಕೂಡಿಕೆ ಎಷ್ಟು ಅಂತ ಹೊರಗೆ ಬರೆಯುತ್ತಿದ್ದೆ, ನೆನಪಿದೆಯಾ? ಈ ಸಲದ್ದು ಅದಲ್ಲ. ಇದು ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಹೊಳೆದದ್ದು. ಹೆಡ್ಮಾಸ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ನಾನು ಬಾವುಟದ ಕಂಬದ ಪಕ್ಕ ನಿಂತು ನನ್ನ ತರಗತಿಯ ಸಾಲು ನೋಡಿದರೆ ಒಂದೇ ತಲೆ! ಎಲ್ಲ ಎಲ್ಲಿ ಹೋದವು ಎಂದು ಗಾಬರಿಯಾಗಿ ನೋಡುತ್ತೇನೆ, ಆ ಉದ್ದನೆಯ ನಾರಮ್ಮ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದಾಳೆ. ಉಳಿದವರೆಲ್ಲ ಅವಳ ಹಿಂದೆ ಅಡಗಿಹೋಗಿದ್ದಾರೆ. "ಜನಗಣಮನ" ಪೂರ್ತಿ ನಾನು ಹಾಡಲೇ ಇಲ್ಲ, ತಲೆಯೊಳಗೆ ಚೌಕ ಓಡುತ್ತಿತ್ತು.

ಕೇಳಿ. ಒಂದರಿಂದ ಆರರವರೆಗೆ ಅಂಕಿ, ಅಂಕಿಯೇ ಆಳಿನ ಎತ್ತರ. ಹೊರಗಿನ ಅಂಕಿ, ಅಲ್ಲಿ ನಿಂತು ನೋಡಿದರೆ ಆ ಸಾಲಿನಲ್ಲಿ ಎಷ್ಟು ತಲೆ ಕಾಣುತ್ತದೆ ಎಂಬುದು. ಉದ್ದನೆಯವನು ಹಿಂದಿರುವ ಗಿಡ್ಡನೆಯವನನ್ನು ಮುಚ್ಚಿಬಿಡುತ್ತಾನೆ. ಎರಡು, ನಾಲ್ಕು, ಒಂದು, ಆರು, ಮೂರು, ಐದು ಅಂತ ನಿಂತಿದ್ದಾರೆ ಅನ್ನಿ. ಎಡಗಡೆಯಿಂದ ನೋಡಿದರೆ ಕಾಣುವುದು ಎರಡು, ನಾಲ್ಕು, ಆರು; ಒಟ್ಟು ಮೂರು ತಲೆ. ಬಲಗಡೆಯಿಂದ ಐದು, ಆರು; ಒಟ್ಟು ಎರಡೇ ತಲೆ. ಹೊರಗೆ ಒಂದು ಅಂತ ಬರೆದಿದ್ದರೆ ಆರರ ಆಳು ಬಾಗಿಲಲ್ಲೇ ನಿಂತಿದ್ದಾನೆ ಎಂದರ್ಥ. ಚೌಕದ ಒಳಗೆ ಒಂದು ಅಂಕಿಯನ್ನೂ ಕೊಟ್ಟಿಲ್ಲ. ಎಲ್ಲವನ್ನೂ ಆಚೆ ನಿಂತೇ ಕಂಡುಹಿಡಿಯಬೇಕು.

ಮಾಡುವವಳ ಪಾಡು ಬಿಡಿಸುವವರಿಗೆ ಗೊತ್ತಾಗುವುದಿಲ್ಲ. ಮೊದಲು ಉತ್ತರ ತುಂಬಿಸಬೇಕು, ಸುತ್ತ ಸುಳಿವು ಬರೆಯಬೇಕು, ಆಮೇಲೆ ಒಂದೊಂದನ್ನೇ ಅಳಿಸಿ, ಪ್ರತಿ ಸಲವೂ ಉತ್ತರ ಇನ್ನೂ ಒಂದೇ ಇದೆಯಾ, ಎರಡಾಯಿತಾ ಎಂದು ಮೊದಲಿಂದ ಬಿಡಿಸಿ ನೋಡಬೇಕು. ಎರಡು ಉತ್ತರ ಬಂದರೆ ಆ ಚೌಕ ಸತ್ತಹಾಗೆ. ರಬ್ಬರು ಸವೆದು ನನ್ನ ಬೆರಳೂ ಸವೆದಿದೆ.

ಪಾವಗಡದ ವಾರಪತ್ರಿಕೆಯ ಶಿವಯೋಗಪ್ಪನವರಿಗೂ ಇದನ್ನೇ ಕಳಿಸುತ್ತೇನೆ. ನನ್ನ ಕೂಡಿಕೆಯ ಚೌಕ ಅಚ್ಚು ಹಾಕುವಾಗ ಆ ಸಂಪಾದಕರು "ಏನಮ್ಮಾ ಇದು, ಮನೆಯೊಳಗೆ ಸಾಮಾನೇ ಇಲ್ಲ, ಬರೀ ಅಂಗಳದಲ್ಲಿ ಹರಡಿದ್ದೀರಿ" ಎಂದು ಬರೆದಿದ್ದರು. ಈಗ ಇದನ್ನು ನೋಡಿ ಏನನ್ನುತ್ತಾರೋ.

ಇನ್ನೊಂದು ಸಮಾಚಾರ. ಬೈಬೇಡಿ. ನಾನಿರುವ ನರಸಕ್ಕನ ವಠಾರದಲ್ಲೇ ಪಕ್ಕದ ಭಾಗ ಖಾಲಿಯಾಯಿತು, ಅದನ್ನೂ ಬಾಡಿಗೆಗೆ ಹಿಡಿದುಬಿಟ್ಟೆ. ಮುಂದೆ ಒಂದು ಕೋಣೆ, ಕಿಟಕಿ ರಸ್ತೆಗೆ. ನಿಮಗೆ ಬೆಳಗ್ಗೆ ಪೇಪರು ಓದುವಾಗ ಯಾರೂ ಮಾತಾಡಿಸಬಾರದಲ್ಲ, ಅದಕ್ಕೆ ಸರಿಹೋಗುತ್ತದೆ. ನರಸಕ್ಕ ನಕ್ಕಳು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬುಟ್ಯಲ್ಲಮ್ಮ ಟೀಚರಮ್ಮ. ಟ್ರಾನ್ಸ್‌ಫರ್ ಆರ್ಡರ್ ಬಂತಾ?" ಅಂದಳು. ಬರುತ್ತೆ ಬಿಡಿ ಅಂದೆ. ವರ್ಷ ವರ್ಷ ಅರ್ಜಿ ಹಾಕುತ್ತಿದ್ದೀರಿ, ಈ ಸಲ ಬೇಸಿಗೆಯೊಳಗಾದರೂ ನಿಮ್ಮನ್ನು ಹಿಂದೂಪುರದ ಡಿಪೋಗೆ ಹಾಕದೆ ಎಲ್ಲಿಗೆ ಹೋಗುತ್ತಾರೆ? ಇಲ್ಲದಿದ್ದರೆ ನಾನೇ ಅಲ್ಲಿಗೆ ಬಂದುಬಿಡಲೇ ಎಂದು ಹೋದ ಸಲವೂ ಕೇಳಿದೆ, ಅದರ ಹಿಂದಿನ ಸಲವೂ ಕೇಳಿದೆ. ಅಲ್ಲಿ ನೀರಿಗೆ ಕಷ್ಟ, ಒಳ್ಳೆ ಮನೆ ಸಿಗುವುದಿಲ್ಲ, ಕನ್ನಡ ಶಾಲೆಯ ಹುದ್ದೆಯೂ ಇಲ್ಲ ಎಂದಿರಿ. ಸರಿ, ನೀವು ಹೇಳಿದ ಮೇಲೆ ಮುಗಿಯಿತು.

ಕದಿರಣ್ಣ ಬಂದು ಬಾಗಿಲಲ್ಲಿ ಸೀಟಿ ಊದುತ್ತಿದ್ದಾನೆ. ಚೌಕವನ್ನು ಈಗಷ್ಟೇ ಶಾಯಿಯಲ್ಲಿ ಎರಡು ಪ್ರತಿ ಬರೆದು ಮುಗಿಸಿದೆ. ಹೊಟ್ಟೆಗೆ ಸರಿಯಾಗಿ ತಿನ್ನಿ. ಬಿಡಿಸಿದ ಹಾಳೆಯನ್ನು ಈ ಸಲವಾದರೂ ವಾಪಸು ಕಳಿಸಿ. "ಜೋಪಾನವಾಗಿ ಇಟ್ಟುಕೊಂಡಿದ್ದೇನೆ" ಎಂದರೆ ನಾನು ತಿದ್ದುವುದು ಯಾವುದನ್ನು?

ನಿಮ್ಮ
ಆದಿಲಕ್ಷ್ಮಿ

ತಾ.ಕ.: ಹುರಿದ ಕಡಲೆಕಾಯಿ ಕಳಿಸಿದ್ದೇನೆ. ಕದಿರಣ್ಣ ದಾರಿಯಲ್ಲಿ ಕೈ ಹಾಕದಿದ್ದರೆ ಡಬ್ಬಿ ತುಂಬ ಇರಬೇಕು.


ಹಿಂದೂಪುರ
೧೨-೩-೧೯೮೮

ರೀ,

ಇದು ಕಾಗದವಲ್ಲ, ಕೂಗು ಅಂದುಕೊಳ್ಳಿ. ಆ ಚೌಕವನ್ನು ಈ ಕ್ಷಣ ಕೆಳಗಿಡಿ!

ನನ್ನ ಮಾನ ಮೂರು ಕಾಸಿಗೆ ಹೋಯಿತು. ಪತ್ರಿಕೆಯಲ್ಲಿ ಅಚ್ಚಾಯಿತು, ಶಿವಯೋಗಪ್ಪನವರು "ಬಿಡಿಸಲು ಎದೆಗಾರಿಕೆ ಬೇಕು" ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿಬಿಟ್ಟರು. ಆಮೇಲೆ ಶುರುವಾಯಿತು ನೋಡಿ ಕಾರ್ಡುಗಳ ಸುರಿಮಳೆ. ಚಿಲಮತ್ತೂರಿನ ಶ್ರೀರಾಮುಲು ಎಂಬುವರು, ಯಾರೋ ಏನೋ ನಾನು ಮುಖ ಕಂಡಿಲ್ಲ, ಬರೆದಿದ್ದಾರೆ: "ಅಮ್ಮಾ, ನಿಮ್ಮ ಮೂರನೇ ಸಾಲಿಗೆ ಎಡಕ್ಕೂ ಒಂದು, ಬಲಕ್ಕೂ ಒಂದು ಅಂತ ಕೊಟ್ಟಿದ್ದೀರಿ. ಆರರ ಆಳು ಇರೋನು ಒಬ್ಬನೇ. ಅವನು ಆ ತುದೀಲೂ ನಿಂತು ಈ ತುದೀಲೂ ಹೆಂಗಮ್ಮ ನಿಂತ್ಕೊತಾನೆ? ಎರಡು ದಿನ ಮನೆಯೋರ ಕೈಲಿ ಬೈಸ್ಕೊಂಡು ಕೂತಿದ್ದೆ. ನ್ಯಾಯಮಾ ಇದಿ?"

ಎದ್ದುಬಿದ್ದು ನನ್ನ ಕರಡು ತೆಗೆದು ನೋಡಿದೆ. ಬಲಗಡೆ ಇರಬೇಕಾದದ್ದು ಮೂರು. ಕದಿರಣ್ಣನ ಸೀಟಿಯ ಅವಸರದಲ್ಲಿ ಮೇಲಿನ ಸಾಲಿನ ಒಂದನ್ನೇ ಕೆಳಕ್ಕೂ ಇಳಿಸಿದ್ದೇನೆ. ಅದನ್ನೇ ನೋಡಿಕೊಂಡು ಎರಡನೇ ಪ್ರತಿ ಮಾಡಿದ್ದು, ಹಾಗಾಗಿ ನಿಮ್ಮ ಹಾಳೆಯಲ್ಲೂ ಅದೇ ತಪ್ಪು. ಸುಳಿವು ಹೊರಗಿದ್ದರೆ ಇದೇ ಕಷ್ಟ. ಒಳಗೆ ಒಂದು ಅಂಕಿ ತಪ್ಪಾದರೆ ಒಂದು ಮನೆ ಕೆಡುತ್ತದೆ. ಹೊರಗಿನದು ತಪ್ಪಾದರೆ ಇಡೀ ಚೌಕಕ್ಕೆ ಉತ್ತರವೇ ಇಲ್ಲ.

ಬ್ರಹ್ಮಸಮುದ್ರದಿಂದ ಇಬ್ಬರು ಅಕ್ಕತಂಗಿಯರು ಕೂಡಿ ಒಂದು ಕಾರ್ಡು ಬರೆದಿದ್ದಾರೆ, ಅವರೂ ಅದೇ ಸಾಲು ಹಿಡಿದಿದ್ದಾರೆ. ನಾಚಿಕೆಯಾದರೂ ಒಂಥರಾ ಖುಷಿಯೂ ಆಯಿತು, ನಿಜ ಹೇಳುತ್ತೇನೆ. ಎಲ್ಲೋ ಕೂತ ಜನ ನನ್ನ ಚೌಕದ ಮುಂದೆ ತಲೆ ಕೆರೆದುಕೊಂಡಿದ್ದಾರಲ್ಲ! ಶಾಲೆಯಿಂದ ಬಂದು ಬೀಗ ತೆಗೆದರೆ ಮಾತಾಡುವುದಕ್ಕೆ ಗೋಡೆ ಬಿಟ್ಟರೆ ಯಾರೂ ಇರುವುದಿಲ್ಲ. ಈ ವಾರ ಆ ಬೈಗುಳದ ಕಾರ್ಡುಗಳೇ ನನಗೆ ನೆಂಟರು.

ಆದರೆ ನಿಮ್ಮದೇ ಚಿಂತೆ. ಶ್ರೀರಾಮುಲು ಎರಡು ದಿನಕ್ಕೆ ಬಿಟ್ಟರು, ನೀವು ಬಿಡುವ ಪೈಕಿಯಲ್ಲ. ಹಿಂದೊಮ್ಮೆ ಒಂದು ಚೌಕ ಬಗೆಹರಿಯದೆ ಅನ್ನದ ತಟ್ಟೆ ಪಕ್ಕಕ್ಕೆ ತಳ್ಳಿ ಕೂತವರು. "ನೀನೇ ತಪ್ಪು ಮಾಡಿರ್ತೀಯ ಕಣೇ" ಅಂತ ನೀವು, "ನಿಮಗೆ ಬುದ್ಧಿ ಇಲ್ಲ" ಅಂತ ನಾನು, ನರಸಕ್ಕ ಯಾರೋ ಹೊಡೆದಾಡುತ್ತಿದ್ದಾರೆ ಎಂದು ಓಡಿಬಂದಿದ್ದಳು. ಈಗಲೂ ಹಾಗೇ ಕೂತಿದ್ದೀರೇನೋ ಎಂದು ನನಗೆ ಅನ್ನ ಇಳಿಯುತ್ತಿಲ್ಲ. ಬಲಗಡೆ ಮೂರು ಎಂದು ತಿದ್ದಿಕೊಳ್ಳಿ. ನನ್ನನ್ನು ಎಷ್ಟು ಬೈಯಬೇಕೋ ಅಷ್ಟು ಬೈದು ಬರೆಯಿರಿ, ಸಂತೋಷವಾಗಿ ಓದುತ್ತೇನೆ.

ಯುಗಾದಿಗೆ ಬರುತ್ತೀರಿ ತಾನೆ? ಒಬ್ಬಟ್ಟಿಗೆ ಬೇಳೆ ತಂದಿಟ್ಟಿದ್ದೇನೆ. ಮುಂದಿನ ಕೋಣೆಗೆ ಸುಣ್ಣ ಹೊಡೆಸಿದೆ.

ನಿಮ್ಮ
ಆದಿ


ಹಿಂದೂಪುರ
೧೦-೪-೧೯೮೮, ಭಾನುವಾರ

ಓಬುಳಪತಿಯವರಿಗೆ,

ನಿಮ್ಮ ಕಾರ್ಡು ತಲುಪಿತ್ತು. ಉತ್ತರ ಬರೆಯುವುದು ಈ ಸಲವೂ ತಡವಾಯಿತು, ಕ್ಷಮಿಸಿ. ಪರೀಕ್ಷೆ, ಪೇಪರು ತಿದ್ದುವುದು ಎಂದು ನೆವ ಹೇಳಬಹುದು. ಕಾಗದ ಮುಂದಿಟ್ಟುಕೊಂಡು ಎಷ್ಟೋ ಸಲ ಕೂತೆ, ಕೈ ಏಳಲಿಲ್ಲ.

ಯುಗಾದಿಗೆ ನೀವು ಬರಲಿಲ್ಲ. ಹಬ್ಬಕ್ಕೆ ಸ್ಪೆಷಲ್ ಬಸ್ಸುಗಳು, ಟೈಂ ಕೀಪರ್ ಜಾಗ ಬಿಟ್ಟು ಕದಲುವ ಹಾಗಿಲ್ಲ ಎಂದು ಕದಿರಣ್ಣನ ಕೈಲಿ ಹೇಳಿಕಳಿಸಿದಿರಿ. ಇರಲಿ. ನರಸಕ್ಕ ನನ್ನನ್ನು ಬಲವಂತವಾಗಿ ಎಳೆದುಕೊಂಡು ಹೋಗಿ ಅವರ ಮನೆಯಲ್ಲೇ ಎಲೆ ಹಾಕಿದಳು. "ಗಂಡ ಬತ್ತಾನೆ ಅಂತ ಬಾಗ್ಲು ಕಾಯ್ಕೊಂಡು ಕೂತ್ರೆ ಒಬ್ಬಟ್ಟು ಹಳಸೋಯ್ತದೆ, ಬಾರಮ್ಮ" ಅಂದಳು. ಬೇವುಬೆಲ್ಲ ಕೊಟ್ಟಳು. ಅವಳಿಗೆ ಬಾಯಿ ಜೋರು, ಮನಸ್ಸು ಬೆಣ್ಣೆ.

ಬಿಸಿಲು ಬಹಳ. ಮಾರ್ಕೆಟ್ಟಿಗೆ ಹುಣಸೆಹಣ್ಣು ಬಂದು ಬೀದಿಯೆಲ್ಲ ಹುಳಿ ವಾಸನೆ. ಶಿವಯೋಗಪ್ಪನವರು ತಿದ್ದುಪಡಿ ಅಚ್ಚು ಹಾಕಿದರು, "ದೊಡ್ಡಾಳನ್ನು ಒಂದೇ ತುದಿಗೆ ನಿಲ್ಲಿಸಲಾಗಿದೆ, ಓದುಗರು ಕ್ಷಮಿಸಬೇಕು" ಎಂದು. ಪ್ರತಿ ವಾರವೂ ಒಂದು ಚೌಕ ಕೊಡಿ ಎಂದಿದ್ದಾರೆ. ಶ್ರೀರಾಮುಲು ಅವರು ಸರಿ ಉತ್ತರ ತುಂಬಿ ಕಳಿಸಿ, ಕೆಳಗೆ "ಈಗ ನ್ಯಾಯ" ಎಂದು ಬರೆದಿದ್ದಾರೆ. ಓದಿ ನಗು ಬಂತು.

ಈಗ ನಿಮ್ಮ ಕಾರ್ಡಿನ ವಿಚಾರ. ಚೌಕದ ಕೂಗು ಹಾಕಿ ನಾನು ಬರೆದ ಕಾಗದ ಕದಿರಣ್ಣನ ಚೀಲದಲ್ಲಿ ಅತ್ತ ಹೋಗುತ್ತಿದ್ದಾಗ ನಿಮ್ಮ ಕಾರ್ಡು ಅಂಚೆಯಲ್ಲಿ ಇತ್ತ ಬರುತ್ತಿತ್ತು. ನೀವು ಬರೆದದ್ದನ್ನು ಹಾಗೇ ನಕಲು ಮಾಡುತ್ತೇನೆ: "ಹೊಸ ಚೌಕ ಬಹಳ ಚೆನ್ನಾಗಿತ್ತು. ತಲೆ ಎಣಿಸುವ ಯೋಚನೆ ಅದ್ಭುತ. ಅರ್ಧ ಗಂಟೆಯಲ್ಲಿ ಮುಗಿಸಿದೆ. ಹಾಳೆ ಜೋಪಾನವಾಗಿ ಇಟ್ಟಿದ್ದೇನೆ. ವರ್ಗದ ವಿಷಯ ಇನ್ನೂ ಏನೂ ಇಲ್ಲ."

ಉತ್ತರವೇ ಇಲ್ಲದ ಚೌಕವನ್ನು ಅರ್ಧ ಗಂಟೆಯಲ್ಲಿ ಹೇಗೆ ಮುಗಿಸಿದಿರಿ?

ಮೊದಲು ಸಿಟ್ಟು ನೆತ್ತಿಗೇರಿತು. ಕಾರ್ಡು ಹರಿದುಹಾಕೋಣ ಎಂದುಕೊಂಡೆ. ಆಮೇಲೆ ಕೂತು ಯೋಚಿಸಿದೆ. ಹಾಳೆ ವಾಪಸು ಬಂದು ಎಷ್ಟು ಕಾಲವಾಯಿತು? ಕೂಡಿಕೆಯ ಚೌಕದ್ದು ಒಂದೂ ಬರಲಿಲ್ಲ. ನೀವು ಬಿಡಿಸುವುದನ್ನು ಬಿಟ್ಟು ಬಹಳ ದಿನವಾಗಿದೆ. ಇಲ್ಲಿ ನಾನು, ಇದು ಅವರಿಗೆ ಕಷ್ಟವಾಗುತ್ತದೆ, ಇಲ್ಲಿ ಅವರು ಮುಗುಳ್ನಗುತ್ತಾರೆ, ಈ ಮೂಲೆಯಲ್ಲಿ ನನ್ನನ್ನು ಬೈಯುತ್ತಾರೆ ಎಂದು ಒಂದೊಂದು ಸುಳಿವನ್ನೂ ನಿಮ್ಮ ಮುಖ ನೋಡಿಕೊಂಡೇ ಇಡುತ್ತಿದ್ದೆ. ಆ ಮುಖ ಹಾಳೆಯ ಮುಂದೆ ಇರಲೇ ಇಲ್ಲ.

ಬೇಜಾರಾಗಿದ್ದರೆ ಬೇಜಾರು ಎನ್ನಬಹುದಿತ್ತು. "ಲೇ ಆದಿ, ನನಗೆ ಸಾಕಾಗಿದೆ, ಇವನ್ನು ಕಳಿಸಬೇಡ" ಎಂದಿದ್ದರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ, ಮೂರನೇ ದಿನ ಉಪ್ಪಿನಕಾಯಿ ಕಳಿಸುತ್ತಿದ್ದೆ. ಮೂಗಿಗೆ ತುಪ್ಪ ಸವರಿದ ಹಾಗೆ ಚೆನ್ನಾಗಿದೆ, ಚೆನ್ನಾಗಿದೆ ಎಂದು ಯಾಕೆ ಬರೆದಿರಿ? ನನ್ನ ಮೇಲೆ ಕರುಣೆ ತೋರಿಸಿದಿರೋ ಏನೋ. ನನಗೆ ಬೇಕಾಗಿದ್ದದ್ದು ಜಗಳ.

ಇರಲಿ. ಚೌಕ ಇನ್ನು ಮೇಲೆ ಶಿವಯೋಗಪ್ಪನವರಿಗೆ ಹೋಗುತ್ತದೆ. ನಿಮಗೆ ತೊಂದರೆ ಕೊಡುವುದಿಲ್ಲ.

ನಿಮ್ಮ ಮಂಡಿ ನೋವಿಗೆ ಎಣ್ಣೆ ಕಾಯಿಸಿ ಸೀಸೆಯಲ್ಲಿ ಹಾಕಿಟ್ಟಿದ್ದೆ, ಅದನ್ನು ಕದಿರಣ್ಣನ ಕೈಲಿ ಕೊಟ್ಟಿದ್ದೇನೆ. ಬಿಸಿಲಲ್ಲಿ ಬರೀ ತಲೆಯಲ್ಲಿ ನಿಲ್ಲಬೇಡಿ. ಮಜ್ಜಿಗೆ ಕುಡಿಯಿರಿ, ಹೋಟೆಲಿನ ಖಾರ ಕಡಿಮೆ ಮಾಡಿ. ದೇವರು ನಿಮಗೆ ಆರೋಗ್ಯ ಕೊಡಲಿ, ಒಳ್ಳೆಯದು ಮಾಡಲಿ. ಇದನ್ನು ಮನಸಾರೆ ಬರೆದಿದ್ದೇನೆ.

ಇತಿ,
ಆದಿಲಕ್ಷ್ಮಿ

ತಾ.ಕ.: ಮೇಲಿನದನ್ನು ಬರೆದು ಮಡಿಸಿ, ಇನ್ನೊಂದು ಮಾತನ್ನು ಬರೆಯದೆ ಇದ್ದುಬಿಡೋಣ ಎಂದುಕೊಂಡೆ. ಆಗಲಿಲ್ಲ, ಮತ್ತೆ ಬಿಚ್ಚಿದ್ದೇನೆ.

ಎಣ್ಣೆಯ ಸೀಸೆ ಕೊಡುವಾಗ ಕದಿರಣ್ಣನಿಗೆ ತಮಾಷೆಗೆ ಅಂದೆ, "ಸಾರಿಗೆ ಬೇಸಿಗೆಯಲ್ಲಿ ವರ್ಗ ಆಗಿಬಿಟ್ಟರೆ ನಿನಗೆ ಈ ಮೂಟೆ ಹೊರೋದು ತಪ್ಪುತ್ತಪ್ಪ" ಅಂತ. ಅವನು ಚೀಲಕ್ಕೆ ಹಾಕುತ್ತಿದ್ದ ಸೀಸೆಯನ್ನು ಮತ್ತೆ ಹೊರಗೆ ತೆಗೆದ. ಆಮೇಲೆ, "ಅದೇನಮ್ಮಾ ಹಂಗಂತೀರಾ? ಸಂಕ್ರಾಂತಿಗೇ ಹಿಂದೂಪುರಕ್ಕೆ ಆರ್ಡರ್ ಬಂದಿತ್ತಲ್ಲ. ಸಾರೇ ಬರ್ಕೊಟ್ಟು ನಿಲ್ಲಿಸ್ಕೊಂಡ್ರಲ್ಲಮ್ಮ. ಹೆಂಡ್ತೀನೇ ಕಲ್ಯಾಣದುರ್ಗಕ್ಕೆ ಬತ್ತಾವ್ಳೆ, ನನ್ನ ಇಲ್ಲೇ ಬುಟ್ಬುಡಿ ಅಂತ. ತಮಗೆ ಗೊತ್ತೈತೆ ಅಂದ್ಕೊಂಡಿದ್ದೆ. ಅಯ್ಯೋ, ಎಂತ ಪನಿ ಚೇಸ್ತಿನಮ್ಮಾ ನೇನು, ಎಂಥಾ ಕೆಲ್ಸ ಮಾಡ್ಬುಟ್ಟೆ," ಎಂದು ಹಣೆ ಚಚ್ಚಿಕೊಂಡ. ಅವನನ್ನು ಬೈಯಬೇಡಿ. ಚಾಡಿ ಹೇಳುವ ಮನುಷ್ಯನಲ್ಲ.

ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ. "ತಪ್ಪು ತಿಳ್ಕೊಬೇಡಿ ಕಣಮ್ಮ, ಅಲ್ಲಿ ಯಾರೂ ಇಲ್ಲ. ಸಾರು ಬಂಗಾರದಂಥಾ ಮನ್ಸ. ಡ್ಯೂಟಿ ಮುಗಿದ್ರೆ ರೂಮಿಗೆ ಹೋಯ್ತಾರೆ, ಬಾಗ್ಲು ಹಾಕ್ಕೊಂಡು ಪೇಪರ್ ಓದ್ಕೊಂಡು ಒಬ್ರೇ ಆರಾಮಾಗಿ ಇರ್ತಾರೆ" ಅಂದ. ಅದನ್ನು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು. ಯಾರಾದರೂ ಇದ್ದಿದ್ದರೆ ಜುಟ್ಟು ಹಿಡಿದು ಜಗಳ ಆಡುವುದಕ್ಕೆ ನನಗೊಂದು ಮುಖ ಸಿಗುತ್ತಿತ್ತು.

ಮುಂದಿನ ಕೋಣೆಯ ಆ ಭಾಗವನ್ನು ನರಸಕ್ಕನಿಗೆ ವಾಪಸು ಕೊಟ್ಟೆ. ಈ ಕಾಗದವನ್ನು ಕದಿರಣ್ಣನ ಕೈಲಿ ಕೊಡುವುದಿಲ್ಲ, ಅಂಚೆಗೆ ಹಾಕುತ್ತೇನೆ. ನೀವು ಓದುವಾಗ ಅವನು ಎದುರಿಗೆ ನಿಂತಿರುವುದು ಬೇಡ.

ಹೆಂಡತಿ ಇಲ್ಲಿಗೇ ಬರುತ್ತಾಳೆ ಎಂದು ಆಫೀಸಿಗೆ ಬರೆದುಕೊಟ್ಟ ಆ ಒಂದು ಮಾತನ್ನು ನನಗೆ ಬರೆದಿದ್ದರೆ, ಶಾಲೆಯ ಬೀಗದಕೈ ಹೆಡ್ಮಾಸ್ಟರ ಮೇಜಿನ ಮೇಲಿಟ್ಟು ಮಾರನೆಯ ದಿನದ ಬಸ್ಸಿಗೇ ಹತ್ತಿಬಿಡುತ್ತಿದ್ದೆ ರೀ. ನೀರಿಲ್ಲದಿದ್ದರೆ ಹೊತ್ತು ತರುತ್ತಿದ್ದೆ.